ವಾರಕ್ಕೆ ಎಷ್ಟು ದಿನ

ಫಾರಮ್ಮು ಮಲಯಾಳದಲ್ಲಿತ್ತು. ಶೈಜ ಅದನ್ನು ಓದಿ
ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು:
ವಾರಿಜ ಚೇಚೀ, ನೀವು ಸೈಕಲ್ ಬಿಡುವುದು
ವಾರಕ್ಕೆ ಎಷ್ಟು ದಿನ?

ನಾಲ್ಕು ಚೌಕ. ದಿನಾಲೂ. ಮೂರು ನಾಲ್ಕು.
ಒಂದೆರಡು. ಇಲ್ಲವೇ ಇಲ್ಲ.
ನನ್ನ ಮಡಿಲ ತಡ್ಪೆಯಲ್ಲಿ ಅರ್ಧ ಸುತ್ತಿದ ಬೀಡಿ,
ಎಲೆ ಒಣಗುತ್ತದೆ, ಬೇಗ ಹೇಳಿ ಮುಗಿಸಬೇಕು.
ಆದರೆ ಎಂತ ಹೇಳುವುದು ಮಾರಾಯ್ತಿ,

ಮೊದಲಿಗೆ ಇದು ನನ್ನ ಸೈಕಲ್ಲೇ ಅಲ್ಲ.
ಗಡಿಯಾಚೆ ಕೋಟೆಕಾರಿನಲ್ಲಿ ಅಕ್ಕನ ಮಗಳಿಗೆ
ಎಂಟನೇ ಕ್ಲಾಸಿನಲ್ಲಿ ಸರಕಾರ ಕೊಟ್ಟದ್ದು.
ಅವಳಿಗೆ ಸ್ಕೂಟಿ ಬಂತು. ಇದು ಟೆಂಪೋದ ಹಿಂದೆ ಅಂಗಾತ ಮಲಗಿ
ತಲಪಾಡಿ ದಾಟಿ ಈ ರಾಜ್ಯಕ್ಕೆ ಬಂತು,
ಯಾರೂ ಕಾಗದ ಕೇಳಲಿಲ್ಲ.

ಕಲಿಯುವಾಗ ನನಗೆ ನಲವತ್ತೊಂದು.
ಕುಂಜತ್ತೂರು ಶಾಲೆಯ ಮೈದಾನ, ಕತ್ತಲಾದ ಮೇಲೆ.
ಹಿಂದಿನಿಂದ ಹಿಡಿದು ಓಡಿದವನು ಮಗ.
"ಅಮ್ಮ, ಬಿಟ್ಟು ಆಯ್ತು" ಅಂತ ಕೂಗಿದ್ದು
ದೂರದ ಗೋಲುಕಂಬದ ಹತ್ತಿರದಿಂದ.
ನಾನು ಬಿದ್ದದ್ದು ಆ ಮಾತು ಕೇಳಿದ ಮೇಲೆ.

ಬೀಡಿ ಬ್ರಾಂಚಿಗೆ ಹೋಗುವಾಗ ಇಳಿಜಾರು,
ಕಾಲಿಗೆ ಕೆಲಸವೇ ಇಲ್ಲ.
ಬರುವಾಗ ಮುರಕಲ್ಲಿನ ಗುಡ್ಡೆ. ಅರ್ಧ ದಾರಿ ಇಳಿದು ದೂಡುವುದು,
ಹ್ಯಾಂಡಲಿನಲ್ಲಿ ಎಲೆಕಟ್ಟು, ಹೊಗೆಸೊಪ್ಪಿನ ವಾಸನೆ.
ಅದು ಸೈಕಲ್ ಬಿಟ್ಟ ಲೆಕ್ಕವೋ, ನಡೆದ ಲೆಕ್ಕವೋ?
ನಿನ್ನ ಫಾರಮ್ಮಿನಲ್ಲಿ ನಡೆಯುವುದು ಬೇರೆ ಪುಟ ಅಲ್ಲವಾ.

ಸೀರೆ ಉಟ್ಟ ದಿನ ಇಲ್ಲ.
ಗಂಡನ ಹತ್ತಿರ ಮಾತು ಬಿಟ್ಟ ದಿನ ಖಂಡಿತ ಉಂಟು.
ಜಿನಸಿನ ಅಂಗಡಿ ಜಗಲಿಯ ಐತಪ್ಪಣ್ಣ
"ವಾರಿಜಾ, ಪರೀಕ್ಷೆ ಪಾಸಾ ಫೇಲಾ?" ಅಂತ ನಗುತ್ತಿದ್ದಷ್ಟು ದಿನ
ಹಿಂದಿನ ಓಣಿಯಲ್ಲೇ ಹೋಗುತ್ತಿದ್ದೆ, ಅಲ್ಲಿ ನಾಯಿ.
ಅವರಿಗೆ ಎದೆನೋವು ಬಂತು. ಡಾಕ್ಟ್ರು
ಸೈಕಲ್ ತುಳಿಯಿರಿ ಅಂದರಂತೆ.
ಈಗ ಎದ್ದು ನಿಂತು ದಾರಿ ಬಿಡುತ್ತಾರೆ.

ಹಿಂದೆ ರಸ್ತೆ ದಾಟಿದರೆ ಬ್ರಾಂಚು.
ಈಗ ಆರು ಪಥ, ನಡುವೆ ನನ್ನಷ್ಟೆತ್ತರ ಗೋಡೆ.
ಬ್ರಾಂಚಿನ ಹಂಚು ಕಾಣುತ್ತದೆ, ಬಾಗಿಲು ಕಾಣುವುದಿಲ್ಲ.
ಒಂದು ಮೈಲಿ ಬಡಗಕ್ಕೆ ಹೋಗಿ,
ಅಂಡರ್‌ಪಾಸಿನ ಕೆಂಪು ನೀರಿನಲ್ಲಿ ಕಾಲೆತ್ತಿ ದಾಟಿ,
ಇನ್ನೊಂದು ಮೈಲಿ ತೆಂಕಕ್ಕೆ. ಸರ್ವಿಸ್ ರೋಡಿನಲ್ಲಿ ಬಸ್ಸು
ಮೊಣಕೈಗೆ ಉಸಿರು ಬಿಟ್ಟು ಹೋಗುತ್ತದೆ.

ಆದರೆ ಶೈಜ, ಒಂದು ಕಾಲ ಇತ್ತು.
ಡಾಮರು ಹಾಕಿ ಆಗಿತ್ತು, ರಸ್ತೆ ತೆರೆದಿರಲಿಲ್ಲ.
ಅಡ್ಡ ಇಟ್ಟ ಡ್ರಮ್ಮುಗಳ ನಡುವೆ
ಒಂದು ಹ್ಯಾಂಡಲ್ ನುಗ್ಗುವಷ್ಟು ಸಂದು.
ಸಂಜೆ ಐದೂವರೆಗೆ ನಾನು, ಸೆಲಿನ್ ಬಾಯಿ,
ಪುಳ್ಳಿಯನ್ನು ಮುಂದೆ ಕೂರಿಸಿಕೊಂಡ ಮೀನಿನ ಮೊಯ್ದಿನಬ್ಬ.
ಹಾರ್ನಿಲ್ಲ, ಗೆರೆಯಿಲ್ಲ,
ಆರು ಪಥದಲ್ಲಿ ಯಾವುದು ಬೇಕೋ ಅದು.
ಪಡುವಣದ ಗಾಳಿ ದೂಡಿದತ್ತ ಚಕ್ರ.
ಎಲ್ಲಿಗೂ ಹೋಗಬೇಕಾಗಿರಲಿಲ್ಲ,
ಅದಕ್ಕೇ ದಿನಾಲೂ ಹೋಗುತ್ತಿದ್ದೆ.
ಎರಡು ತಿಂಗಳು.
ಅದಕ್ಕೆ ಚೌಕ ಉಂಟಾ?

ಶೈಜ ಪೆನ್ನಿನ ತುದಿ ಕಚ್ಚಿದಳು.
"ಈಗ, ಚೇಚೀ. ಈಗಿನದ್ದು."
ಈಗ ಮಳೆ, ಮೊಣಗಂಟು,
"ನಾನೇ ಬಿಡುತ್ತೇನೆ" ಅಂತ ಬೈಕು ತಿರುಗಿಸಿ ನಿಲ್ಲುವ ಮಗ.
ಒಂದೆರಡು ಅಂತ ಬರಿ.

ಗುರುತು ಹಾಕಿದಳು. ಕೆಳಗೆ 'ಕಾರಣ'ಕ್ಕೆ
ಅರ್ಧ ಗೆರೆ ಜಾಗ. ಅಲ್ಲಿ ಒಂದು ಪುಟ್ಟ ಪದ ಬರೆದಳು.
ನನಗೆ ಮಲಯಾಳ ಕೇಳಿದರೆ ತಿಳಿಯುತ್ತದೆ,
ಓದಲಿಕ್ಕೆ ಬರುವುದಿಲ್ಲ.

ಅವಳು ಗೇಟು ಹಾಕಿ ಹೋದ ಮೇಲೆ ನೆನಪಾಯಿತು,
ಆದಿತ್ಯವಾರ ಎರಡೂ ಚಕ್ರಕ್ಕೆ ಗಾಳಿ ಹಾಕುತ್ತೇನೆ,
ಬಿಡದ ವಾರವೂ.
ಅದನ್ನು ಅವಳು ಕೇಳಲಿಲ್ಲ.
ಪಂಪು ಬಾಗಿಲಿನ ಹಿಂದೆಯೇ ಉಂಟು.